ಮಾವನ ದೋಣಿಗೆ ಅಡ್ಡ ಹೋಗದವಳು

ಬುರುಲ್‌ಳ ಹೆಸರೆತ್ತಿದರೆ ಸಾಕು, ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅವಳು ಕೆಟ್ಟವಳೆಂದಲ್ಲ. ನಮ್ಮ ಬಾಲಿಕ್‌ಚಿ ಊರಿನಲ್ಲಿ ಅವಳಂಥ ಸೊಸೆ ಇನ್ನೊಬ್ಬಳಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ತಾಪತ್ರಯ ಇರುವುದೇ ಅಲ್ಲಿ. ಒಳ್ಳೆಯತನಕ್ಕೂ ಒಂದು ಹದ ಬೇಡವೇ?

ನಾನು ಜಿಪಾರ್. ಶಾಲೆಯಲ್ಲಿ ಆಟದ ಟೀಚರಾಗಿದ್ದವಳು. ಈಗ ಇಸ್ಸಿಕ್-ಕುಲ್ ಸರೋವರದ ದಡದಲ್ಲಿರುವ ನಮ್ಮ ಹಾಯಿದೋಣಿ ಕ್ಲಬ್ಬಿನಲ್ಲಿ ಪಂದ್ಯ ನಡೆಸುತ್ತೇನೆ. ಮೋಟಾರು ದೋಣಿಯಲ್ಲಿ ನಿಂತು ಬಾವುಟ ಇಳಿಸುವುದು, ಪೀಪಿ ಊದುವುದು, ನೀರಿಗೆ ಬಿದ್ದವರನ್ನು ಎತ್ತುವುದು, ಕೈಮೈಕಿನಲ್ಲಿ ಬೈಯುವುದು. ಕೊನೆಯ ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿದೆ.

ನಮ್ಮ ದೋಣಿಗಳೆಲ್ಲ ಲೇಸರ್ ಎಂಬ ಜಾತಿಯವು. ಒಬ್ಬರೇ ಕೂರುವ ದೋಣಿ. ಒಂದು ಹಾಯಿ, ಒಂದು ಹಗ್ಗ, ಒಂದು ಚುಕ್ಕಾಣಿ. ಗಾಳಿ ಜೋರಾದರೆ ಅಂಚಿನಿಂದ ಹೊರಗೆ ಬೆನ್ನು ಚಾಚಿ, ನೀರಿನ ಮೇಲೆ ಮಲಗಿದಂತೆ ನೇತಾಡಿ ದೋಣಿಯನ್ನು ನೆಟ್ಟಗೆ ಹಿಡಿಯಬೇಕು. ಲೋಕದಲ್ಲಿ ಎಲ್ಲಿ ಹೋದರೂ ಈ ದೋಣಿ ಒಂದೇ ಅಚ್ಚಿನದು, ಒಂದಿಂಚು ಆಚೀಚೆ ಇಲ್ಲ. ಆದ್ದರಿಂದ ಸೋತವರು ದೋಣಿಯನ್ನು ದೂರುವಂತಿಲ್ಲ. ಕುಣಿಯಲಾರದವಳು ನೆಲ ಡೊಂಕು ಎನ್ನುವ ಹಾಗೇ ಇಲ್ಲ. ಈ ಒಂದು ಕಾರಣಕ್ಕೇ ನನಗೆ ಈ ಆಟ ಇಷ್ಟ. ನಮ್ಮಲ್ಲಿ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಎಂದು ಪಂದ್ಯ ಇಡುವಷ್ಟು ಜನವೂ ಇಲ್ಲ. ಎಲ್ಲರಿಗೂ ಒಂದೇ ಚಿಕ್ಕ ಹಾಯಿ, ಎಲ್ಲರೂ ಒಟ್ಟಿಗೆ.

ಬುರುಲ್ ಹುಟ್ಟಿದ್ದು ನಾರಿನ್ ಕಡೆಯ ಬೆಟ್ಟದ ಮೇಲೆ, ಕುರಿ ಕಾಯುವವರ ಮನೆಯಲ್ಲಿ. ನೀರೆಂದರೆ ಕುದುರೆ ಮೊಣಕಾಲುದ್ದ ಇಳಿದು ಕುಡಿಯುವ ತೊರೆ, ಅಷ್ಟೇ ಅವಳು ಕಂಡದ್ದು. ಎಸೆನ್‌ಕುಲ್ ಬೈಕೆಯ ಮಗ ತಲಾಯ್‌ನನ್ನು ಮದುವೆಯಾಗಿ ನಮ್ಮೂರಿಗೆ ಬಂದಳು. ಬೈಕೆ ಎಂದರೆ ನಮ್ಮಲ್ಲಿ ಅಣ್ಣ. ಹಿರಿಯ ಗಂಡಸರನ್ನೆಲ್ಲ ಹಾಗೇ ಕರೆಯುತ್ತೇವೆ. ಬಂದ ಮಾರನೆಯ ದಿನದಿಂದಲೇ ಅತ್ತೆಯ ತಂದೂರಿಗೆ ಅವಳು ಮೈಕೊಟ್ಟಳು. ಕೆಂಡದ ಒಲೆಯೊಳಗೆ ಅರ್ಧ ಮೈ ತೂರಿಸಿ ಗೋಡೆಗೆ ರೊಟ್ಟಿ ಬಡಿಯುವ ಕೆಲಸ ಅದು. ಬಸ್ ನಿಲ್ದಾಣದ ಅರ್ಧ ಜನ ತಿನ್ನುವುದು ಅವಳು ಬೇಯಿಸಿದ ರೊಟ್ಟಿಯನ್ನೇ. ಅವಳ ಸೊಂಟಕ್ಕೆ ಅಂಥ ಕಸುವು ಎಲ್ಲಿಂದ ಬಂತು ಎಂದು ಆಮೇಲೆ ಕೇಳಿದವರಿಗೆಲ್ಲ ನಾನು ಆ ತಂದೂರನ್ನೇ ತೋರಿಸಿದ್ದೇನೆ.

ಎಸೆನ್‌ಕುಲ್ ಬೈಕೆ ನಮ್ಮ ಸರೋವರದ ಹಳೆಯ ಹುಲಿ. ಅರವತ್ತು ದಾಟಿದ್ದರೂ ನೀರಿಗಿಳಿದರೆ ಯಾರ ಮುಲಾಜೂ ಇಲ್ಲ. ಮಗ ತಲಾಯ್‌ಗೆ ಮಾತ್ರ ದೋಣಿ ಹತ್ತಿದ ಕೂಡಲೇ ವಾಂತಿ. ಅವನು ವ್ಯಾನು ಓಡಿಸಿಕೊಂಡು ಒಣ ನೆಲದಲ್ಲೇ ಸುಖವಾಗಿದ್ದಾನೆ. ಒಂದು ಬೇಸಿಗೆಯಲ್ಲಿ ನಮ್ಮ ಕ್ಲಬ್ಬಿಗೆ ಒಬ್ಬರು ಕಡಿಮೆ ಬಿದ್ದರು. ಐದು ದೋಣಿ ಇಲ್ಲದಿದ್ದರೆ ಪಂದ್ಯ ಲೆಕ್ಕಕ್ಕೇ ಇಲ್ಲ ಎನ್ನುವುದು ನಿಯಮ. ಬೈಕೆ ಸೀದಾ ಮನೆಗೆ ಹೋಗಿ, ಹಿಟ್ಟಿನ ಕೈಯಲ್ಲೇ ಇದ್ದ ಸೊಸೆಯನ್ನು ಕರೆತಂದರು.

ಅತ್ತೆ ಬೀದಿಯ ತನಕ ಬೈದುಕೊಂಡು ಬಂದರು. "ಏ ಮುದುಕಾ, ತಲೆ ಕೆಟ್ಟಿದೆಯಾ ನಿಂಗೆ? ರೊಟ್ಟಿ ಸೀದುಹೋಗ್ತಿದೆ ಅಲ್ಲಿ!"

"ಸೀಲಿ ಬಿಡು," ಅಂದರು ಬೈಕೆ. "ಮಗಳೇ, ನೀನು ಸುಮ್ನೆ ಕೂತಿರು. ಹಗ್ಗ ಬಿಟ್ರೆ ದೋಣಿ ನಿಲ್ಲುತ್ತೆ, ಎಳೆದ್ರೆ ಹೋಗುತ್ತೆ. ಐದನೇದು ಅಂತ ಒಂದು ಇದ್ರೆ ಸಾಕು ನಂಗೆ."

ತಲೆವಸ್ತ್ರವನ್ನು ಗಲ್ಲದ ಕೆಳಗೆ ಬಿಗಿದು ಕಟ್ಟಿ ಅವಳು ಕೂತಳು. ಸುಮ್ಮನೆ ಕೂರಲಿಲ್ಲ, ಎಳೆದಳು. ಆ ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಮುಂದೆ ಉಳಿದದ್ದು ಒಂದೇ ದೋಣಿ, ಮಾವನದು. ಹೊಸಬಳು, ಇನ್ನೊಂದು ವರ್ಷ ಕಳೆದರೆ ಅವರನ್ನೂ ದಾಟುತ್ತಾಳೆ ಎಂದುಕೊಂಡೆ. ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು. ಬೇರೆ ಯಾವ ಗಂಡಸನ್ನಾದರೂ ಸೋಲಿಸುತ್ತಿದ್ದಳು. ಮಾವನ ಹಿಂದೆ ಮಾತ್ರ ಹಾಗೇ ಉಳಿದಳು.

ಕಾರಣ ನನಗೆ ಹೊಳೆದ ದಿನ ಕೈಯಲ್ಲಿದ್ದ ಪೀಪಿಯನ್ನು ನೀರಿಗೆ ಎಸೆದುಬಿಟ್ಟೆ.

ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೇರ ಹೋಗಲಾರದು. ಅಡ್ಡಡ್ಡ ಹಾವಿನ ಹಾಗೆ ಹೋಗಬೇಕು. ಹಾಗೆ ಹೋಗುವಾಗ ಎಡದಿಂದ ಬರುವವರೂ ಬಲದಿಂದ ಬರುವವರೂ ನಡುವೆ ಎದುರಾಗುತ್ತಾರೆ. ಯಾರ ಬಲಮಗ್ಗುಲಿಗೆ ಗಾಳಿ ಇದೆಯೋ ಅವರಿಗೆ ದಾರಿ, ಇನ್ನೊಬ್ಬರು ಸರಿಯಬೇಕು. ಹಕ್ಕಿದ್ದವರು ಗಂಟಲು ಹರಿಯುವಂತೆ "ದಾರಿ!" ಎಂದು ಕೂಗಿ ಎದುರಿನವರ ಮೂತಿಯ ಮುಂದೆಯೇ ಹಾದುಹೋಗುತ್ತಾರೆ. ಈ ಆಟದ ಜೀವ ಇರುವುದೇ ಈ ಅಡ್ಡ ಹೋಗುವುದರಲ್ಲಿ.

ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ಮೊದಲು ಕಲಿಸುವುದೇ ಇದರ ಉಲ್ಟಾ. ಹಿರಿಯರು ನಡೆದು ಬರುತ್ತಿದ್ದರೆ ಅವರ ದಾರಿಗೆ ಅಡ್ಡ ಹೋಗಬೇಡ. ನಿಲ್ಲು, ಅವರು ದಾಟಲಿ, ಆಮೇಲೆ ಅವರ ಬೆನ್ನ ಹಿಂದಿನಿಂದ ಹೋಗು. ಸೊಸೆಯಾದರಂತೂ ಕೇಳುವುದೇ ಬೇಡ. ಬುರುಲ್ ಬೀದಿಯಲ್ಲಿ ಬಕೆಟ್ ಹಿಡಿದು, ಮಾವ ಮೂಲೆ ತಿರುಗುವ ತನಕ ಗೋಡೆಗೆ ಒರಗಿ ನಿಂತದ್ದನ್ನು ನಾನೇ ಎಷ್ಟು ಸಲ ನೋಡಿದ್ದೇನೆ. ಅದನ್ನೇ ಅವಳು ನೀರಿಗೂ ತಂದಿದ್ದಳು. ಹಕ್ಕು ಅವಳದೇ, ದಾರಿ ಅವಳದೇ, ಆದರೂ ಎದುರಿಗೆ ಮಾವನ ಹಾಯಿ ಕಂಡ ಕೂಡಲೇ ಚುಕ್ಕಾಣಿ ಎಳೆದು ಅವರ ದೋಣಿಯ ಹಿಂದಿನಿಂದ ತಲೆತಗ್ಗಿಸಿ ಹಾದುಹೋಗುವಳು. ಪ್ರತಿ ಸಲವೂ ನಾಲ್ಕೈದು ದೋಣಿಯುದ್ದ ನಷ್ಟ. ಕೂಗುವುದಂತೂ ದೂರವೇ ಉಳಿಯಿತು. ಮಾವನ ಎದುರು ಅವಳ ದನಿ ಚಹಾ ಬಟ್ಟಲಿನ ಸದ್ದಿಗಿಂತ ಮೇಲೇಳುತ್ತಿರಲಿಲ್ಲ.

ದಡಕ್ಕೆ ಬಂದ ಮೇಲೆ ಹಿಡಿದು ಕೇಳಿದೆ. "ಅಲ್ಲ ಕಣೇ, ನೀರಿನ ಮೇಲೆ ಮಾವ ಎಲ್ಲಿಂದ ಬಂದ? ಅಲ್ಲಿರೋದು ದೋಣಿ, ದೋಣಿಗೆ ನಂಬರು!"

"ಗೊತ್ತು ಎಜೆ," ಅಂದಳು. ಅಕ್ಕಂದಿರನ್ನು ನಾವು ಎಜೆ ಎನ್ನುತ್ತೇವೆ. "ತಲೆಗೆ ಗೊತ್ತಾಗುತ್ತೆ. ಕೈಗೆ ಗೊತ್ತಾಗಲ್ಲ. ಅವರನ್ನ ನೋಡಿದ ತಕ್ಷಣ ಕೈ ತಾನಾಗೇ ತಿರುಗಿಬಿಡುತ್ತೆ."

"ಆ ಕೈಗೆ ಎರಡು ಬಿಟ್ರೆ ಸರಿಹೋಗುತ್ತೆ."

"ಬಿಡಿ ಎಜೆ," ಎಂದು ನಗುತ್ತಾ ಎರಡೂ ಕೈ ಚಾಚಿದಳು. ಅಂಥವಳನ್ನು ಏನು ಮಾಡುವುದು?

ಬೈಕೆಗೆ ಹೇಳಿದೆ. ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. ತಾವು ಗೆದ್ದದ್ದೆಲ್ಲ ಸೊಸೆ ಬಿಟ್ಟುಕೊಟ್ಟದ್ದು ಎಂದರೆ ಯಾವ ಹುಲಿ ಸಹಿಸೀತು? ಅಂದೇ ಊಟದ ಹೊತ್ತಿನಲ್ಲಿ, ನಾನೂ ಇದ್ದೆ, ಎಲ್ಲರ ಮುಂದೆ ಅಂಗೈ ಬಿಚ್ಚಿ ಅವಳಿಗೆ ಹರಸಿದರು: "ನನ್ನ ದಾರಿ ನಿನ್ನ ದಾರಿ ಮಗಳೇ. ಅಡ್ಡ ಹೋಗು. ಕೂಗು. ನನ್ನ ಮೂಗಿನ ಮುಂದೆ ಹೋಗು. ಓಮಿನ್." ಎಲ್ಲರೂ ಮುಖ ಸವರಿಕೊಂಡು ಓಮಿನ್, ಹಾಗೇ ಆಗಲಿ, ಎಂದರು. ಬುರುಲ್ ಕಣ್ಣೀರು ಹಾಕಿಕೊಂಡು "ಸರಿ ಆತಾ" ಎಂದಳು. ಮಾವನನ್ನು ಅವಳು ತಂದೆ ಎಂದೇ ಕರೆಯುವುದು. ಮುಂದಿನ ಪಂದ್ಯದಲ್ಲಿ ಏನಾಯಿತು? ಹಿಂದಿನಿಂದಲೇ ಹೋದಳು! ಅದೂ ಈ ಸಲ ಇನ್ನೂ ದೂರದಿಂದ. ಹರಸಿದ ಹಿರಿಯರ ಮೇಲೆ ಗೌರವ ಇಮ್ಮಡಿಯಾಗಿತ್ತಂತೆ.

"ಬೈಕೆ, ನೀವೇ ಸ್ವಲ್ಪ ನಿಧಾನ ಹೋಗಿ," ಎಂದು ಬೇಡಿಕೊಂಡೆ.

"ನಿಧಾನಾನಾ?" ತಲೆಯ ಮೇಲಿದ್ದ ಬಿಳಿ ಉಣ್ಣೆಯ ಟೋಪಿ ತೆಗೆದು ನನ್ನ ಮೇಲೆ ಬೀಸಿದರು. "ದೋಣಿ ಹತ್ತಿದ ಮೇಲೆ ಬೇಕಂತ ಸೋಲೋದು ಕಳ್ಳತನ ಜಿಪಾರ್. ನಮ್ಮಪ್ಪ ಎದ್ದು ಬಂದ್ರೂ ನಾನು ಸೋತುಕೊಡಲ್ಲ."

"ಹಾಗಾದ್ರೆ ಮನೇಲೇ ಇರಿ."

"ಇರ್ತೀನಿ. ಐದನೇ ದೋಣಿಗೆ ನೀನು ಕೂರ್ತೀಯಾ, ನಿನ್ನ ಮಂಡಿ ನೋವು ಕಟ್ಕೊಂಡು?"

ಮೊಂಡನಿಗೆ ತಕ್ಕ ಮೊಂಡಿ ಎನ್ನುವಂತಿತ್ತು ಆ ಮನೆ. ನಡುವೆ ಸಿಕ್ಕವಳು ನಾನು.

ಇದೆಲ್ಲ ತಮಾಷೆಯಾಗಿಯೇ ಉಳಿಯಬಹುದಿತ್ತು. ಆದರೆ ಆ ವರ್ಷ ಏಷ್ಯಾ ಪಂದ್ಯಕ್ಕೆ ನಮ್ಮ ಸರೋವರದಿಂದ ಒಬ್ಬರನ್ನು ಕರೆದರು. ಒಬ್ಬರನ್ನೇ. ಸಮುದ್ರದ ಮೇಲಿನ ಪಂದ್ಯ. ಬುರುಲ್ ಸಮುದ್ರ ನೋಡಿದವಳಲ್ಲ, ನಾನೂ ನೋಡಿಲ್ಲ. ಬೈಕೆಗೆ ವಯಸ್ಸಿನ ಮಿತಿ ದಾಟಿತ್ತು, ಅವರು ಲೆಕ್ಕಕ್ಕಿರಲಿಲ್ಲ. ಬೇಸಿಗೆಯ ಪಂದ್ಯಗಳೆಲ್ಲ ಮುಗಿದು ಕೊನೆಯದೊಂದು ಉಳಿದಾಗ ಇಬ್ಬರು ಸಮಸಮ ನಿಂತರು. ಒಬ್ಬಳು ಬುರುಲ್. ಇನ್ನೊಬ್ಬ ಚೋಲ್ಪೋನ್-ಆತಾ ಊರಿನಿಂದ ಆ ವರ್ಷ ಹೊಸದಾಗಿ ಬಂದು ನಮ್ಮ ಜೊತೆ ಆಡುವ ಮಕ್ಸಾತ್. ಕಪ್ಪು ಕನ್ನಡಕದ ಚೆಲುವ, ಕೈ ಚುರುಕು, ನಾಲಿಗೆ ಇನ್ನೂ ಚುರುಕು. ಆ ಕೊನೆಯ ಪಂದ್ಯದಲ್ಲಿ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರು ಸಮುದ್ರಕ್ಕೆ.

ಹಿಂದಿನ ಸಂಜೆ ಬುರುಲ್ ರೊಟ್ಟಿಯ ಬುಟ್ಟಿ ಹೊತ್ತು ನಮ್ಮ ಮನೆಗೆ ಬಂದಳು. ಯಾವತ್ತೂ ತನಗೆ ಇದು ಬೇಕು ಎಂದು ಹೇಳಿದವಳಲ್ಲ. ಅಂದು ಹೇಳಿದಳು.

"ಎಜೆ, ನಂಗೆ ಹೋಗ್ಬೇಕು. ಗೆಲ್ಲೋಕಲ್ಲ. ಅಲ್ಲಿ ನನಗೆ ಗೊತ್ತಿರೋರು ಒಬ್ಬರೂ ಇರಲ್ಲ ಅಲ್ವಾ? ಒಬ್ಬ ಹಿರಿಯರೂ ಇಲ್ಲದ ನೀರಲ್ಲಿ ನಾನು ಎಷ್ಟು ಜೋರಾಗಿ ಹೋಗಬಲ್ಲೆ ಅಂತ ಒಂದ್ಸಲ ನೋಡ್ಬೇಕು."

ನಾನೂ ಒಂದು ಕಾಲದಲ್ಲಿ ಸೊಸೆಯಾಗಿದ್ದವಳೇ. "ನಾಳೆ ಒಂದೇ ಒಂದು ಸಲ ಅಡ್ಡ ಹೋಗು ಕಣೇ," ಎಂದೆ. "ಒಂದೇ ಸಲ."

"ಆಗ್ಲಿ ಎಜೆ," ಎಂದಳು. ಈ 'ಆಗಲಿ'ಗಳನ್ನು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿತ್ತು.

ಮರುದಿನ ಪಶ್ಚಿಮದ ಕಣಿವೆಯಿಂದ ಉಲಾನ್ ಗಾಳಿ ಬೀಸಿತು. ಅದು ಬಂದರೆ ಊರಿನ ತಗಡುಗಳು ಬಡಿದುಕೊಳ್ಳುತ್ತವೆ, ನೀರಿನ ಮೇಲೆಲ್ಲ ಬಿಳಿನೊರೆ. ಐದೂ ದೋಣಿಗಳು ಸಾಲಿಗೆ ಬಂದವು. ಮಕ್ಸಾತ್ ಬುರುಲ್ ಪಕ್ಕದಲ್ಲೇ ಸುಳಿದು ಕೂಗಿದ: "ಏನಮ್ಮಾ ಸೊಸೆ, ಚಹಾದ ತಟ್ಟೆ ತಂದಿದ್ದೀಯಾ? ಮಾವನ ಹಿಂದೆ ಹಿಡ್ಕೊಂಡು ಹೋಗೋಕೆ ಬೇಕಾಗುತ್ತಲ್ಲ!"

"ನಿಂಗೂ ಒಂದು ಬಟ್ಟಲು ಮಿಗಿಸಿಡ್ತೀನಿ ತಮ್ಮಾ," ಎಂದಳು ಬುರುಲ್. "ಹಿಂದೆ ಬರೋರಿಗೆ ಚಳಿ ಜಾಸ್ತಿ."

ಹಾಗೆ ಬಾಯಿ ಕೊಡಬಲ್ಲವಳೇ ಅವಳು. ಅದಕ್ಕೇ ನನಗೆ ಇನ್ನೂ ಸಂಕಟ.

ಬಾವುಟ ಇಳಿಸಿದೆ. ಬುರುಲ್ ಬಿಲ್ಲಿನಿಂದ ಬಿಟ್ಟ ಬಾಣದಂತೆ ಹೊರಟಳು. ಬೆನ್ನು ನೀರಿಗೆ ತಾಗುವಷ್ಟು ಹೊರಚಾಚಿ, ಒಂದು ಅಲೆಯನ್ನೂ ಹಾಳುಮಾಡದೆ, ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ತಿರುಗಿದಳು. ಮುಂದೆಯೇ ಇದ್ದರೆ ಮಾವ ಎದುರಾಗುವುದೇ ಇಲ್ಲವಲ್ಲ ಎಂದು ನನಗೆ ಜೀವ ಬಂತು. ಆದರೆ ಮಕ್ಸಾತ್ ದಡ್ಡನಲ್ಲ. ಎರಡನೆಯ ಸುತ್ತಿನಲ್ಲಿ ಬೈಕೆ ಅವಳ ಹತ್ತಿರಕ್ಕೆ ಬಂದರು, ಅವನು ಅವರ ದೋಣಿಯ ಹಿಂದೆ ನೆರಳಿನ ಹಾಗೆ ಅಂಟಿಕೊಂಡ. ಬೈಕೆ ತಿರುಗಿದರೆ ಅವನೂ ತಿರುಗುವನು, ಅವರು ಬಗ್ಗಿದರೆ ಅವನೂ ಬಗ್ಗುವನು. ಯಾಕೆಂದು ಆಮೇಲೆ ಗೊತ್ತಾಯಿತು. ಮುದುಕನನ್ನು ಗೋಡೆ ಮಾಡಿಕೊಂಡಿದ್ದ. ಬುರುಲ್ ಬೈಕೆಯ ಹಿಂದಿನಿಂದ ಹೋಗಲು ದಾರಿ ಬಿಟ್ಟು ಸರಿದರೆ, ಅಂಟಿಕೊಂಡಿರುವ ಮಕ್ಸಾತ್‌ನ ಹಿಂದೆಯೂ ಸರಿಯಲೇಬೇಕು. ನಿಯಮದ ಪ್ರಕಾರ ಅದರಲ್ಲಿ ಒಂದು ತಪ್ಪೂ ಇಲ್ಲ. ಲೋಫರ್!

ಗಾಳಿಗೆ ಎದುರಾಗಿ ಹೋಗುವ ಕೊನೆಯ ಹಂತ. ಗುರಿಯ ಗೆರೆ ಎದುರಿಗೇ ಕಾಣುತ್ತಿತ್ತು, ಅದರ ಒಂದು ತುದಿಯಲ್ಲಿ ನನ್ನ ಮೋಟಾರು ದೋಣಿ. ಬಲಗಡೆಯಿಂದ ಬುರುಲ್, ದಾರಿಯ ಹಕ್ಕು ಅವಳದು. ಎಡಗಡೆಯಿಂದ ಬೈಕೆ, ಅವರ ಬಾಲಕ್ಕೆ ಮಕ್ಸಾತ್. ಅವಳು ಸುಮ್ಮನೆ ಚುಕ್ಕಾಣಿ ಹಿಡಿದು ನೇರ ಬಂದರೆ ಸಾಕಿತ್ತು. ಇಬ್ಬರ ಮುಂದೆಯೂ ಹಾದು ಗೆರೆ ದಾಟುತ್ತಿದ್ದಳು. ಪಂದ್ಯ ನಡೆಸುವವಳು ಯಾರ ಪರವಾಗಿಯೂ ಕೂಗಬಾರದು. ನಾನು ಕೈಮೈಕನ್ನು ತೊಡೆಯ ಕೆಳಗೆ ಒತ್ತಿಹಿಡಿದು ಕೂತೆ.

ಅವಳ ದೋಣಿಯ ಮೂತಿ ಅಲುಗಿತು. ಮಾವನ ಹಿಂಬದಿಗೆ ತಿರುಗತೊಡಗಿತು. ಹಾಳು ಕೈ!

ಬೈಕೆ ಅದನ್ನು ಕಂಡರು. ಒಮ್ಮೆ ಹಿಂದೆ ತಿರುಗಿ ಮಕ್ಸಾತ್‌ನನ್ನೂ ಕಂಡರು. ತಮ್ಮನ್ನು ಏನು ಮಾಡಿಕೊಂಡಿದ್ದಾನೆ ಎಂಬುದು ಅವರಿಗೆ ಆಗ ತಿಳಿಯಿತು. ಬೇಕೆಂದೇ ಸೋಲುವುದು ಕಳ್ಳತನ ಎಂದಿದ್ದ ಮನುಷ್ಯ ಹಗ್ಗವನ್ನು ಎದೆಗೆ ಎಳೆದುಕೊಂಡು, ಹೊರಗೆ ಚಾಚಬೇಕಾದ ಮೈಯನ್ನು ಹಾಯಿಯ ಕಡೆಗೇ ಚೆಲ್ಲಿದರು. ದೋಣಿ ಧೊಪ್ಪನೆ ಮಗುಚಿತು. ಹಾಯಿ ನೀರಿನ ಮೇಲೆ ಬಡಿದು ಮಲಗಿತು. ಮಕ್ಸಾತ್ ಅದಕ್ಕೆ ಸಿಕ್ಕಿಕೊಳ್ಳದಿರಲು ಗಕ್ಕನೆ ಪಕ್ಕಕ್ಕೆ ಹೊರಳಿ ಗಾಳಿ ಕಳೆದುಕೊಂಡು ನಿಂತೇಬಿಟ್ಟ. ಬುರುಲ್‌ಗೂ ಗೆರೆಗೂ ನಡುವೆ ಈಗ ಒಬ್ಬ ಹಿರಿಯನೂ ಇಲ್ಲ. ಕಿರಿಯನೂ ಇಲ್ಲ. ಬರೀ ನೀರು. ನಾನು ಎದ್ದು ನಿಂತೆ, ಮಂಡಿ ನೋವು ಮರೆತು.

ಬುರುಲ್ ದೋಣಿ ತಿರುಗಿಸಿದಳು. ಗೆರೆಯ ಕಡೆಗಲ್ಲ, ಮಾವನ ಕಡೆಗೆ.

ಬೈಕೆ ಮಗುಚಿದ ದೋಣಿಯ ಅಡಿಹಲಗೆಯನ್ನು ಹಿಡಿದು ನೇತಾಡುತ್ತಾ ಅಬ್ಬರಿಸುತ್ತಿದ್ದರು. "ಹೋಗೇ! ಹೋಗು! ಕತ್ತೆ ಮರಿ, ಅತ್ತ ಹೋಗು ಅಂದ್ರೆ!"

"ಕೈ ಕೊಡಿ ಆತಾ."

"ಕೈಯಲ್ಲ, ಕಾಲಲ್ಲಿ ಒದೀತೀನಿ! ಹೋಗು!"

"ಮೊದ್ಲು ಕೈ ಕೊಡಿ. ನೀರು ತಣ್ಣಗಿದೆ."

ನನ್ನ ಬಾಯಲ್ಲಿ ಏನೇನು ಬಂತೋ, ಬರೆಯುವಂಥದ್ದಲ್ಲ. ಅಷ್ಟರಲ್ಲಿ ಮಕ್ಸಾತ್ ಹಾಯಿ ಸರಿಪಡಿಸಿಕೊಂಡು ಗೆರೆ ದಾಟಿದ. ನಾನೇ ಪೀಪಿ ಊದಬೇಕಾಯಿತು. ಊದಿದೆ.

ಆದರೆ ನನಗೆ ನಿಯಮಗಳು ಬಾಯಿಪಾಠ. ನೀರಲ್ಲಿ ಅಪಾಯಕ್ಕೆ ಸಿಕ್ಕವರಿಗೆ ನೆರವಾಗಲು ಹೋಗಿ ಹಿಂದೆ ಬಿದ್ದವರಿಗೆ, ಕಳೆದುಕೊಂಡ ಜಾಗವನ್ನು ಹಿಂದಿರುಗಿಸಬಹುದು. ವಿಚಾರಣೆ ಮಾಡಬೇಕು, ಅಷ್ಟೇ. ಅವಳು ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನೇ ಕರೆದೆ. ಕ್ಲಬ್ಬಿನ ಕೋಣೆಯಲ್ಲಿ, ಒದ್ದೆ ಬಟ್ಟೆಗಳ ವಾಸನೆಯ ನಡುವೆ, ಬೇರೆ ಊರಿನ ಇಬ್ಬರು ಹಿರಿಯ ಆಟಗಾರರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಎದುರಿಗೆ ಮಕ್ಸಾತ್, ಬುರುಲ್, ಕಂಬಳಿ ಹೊದ್ದ ಬೈಕೆ. ಬಾಗಿಲ ತುಂಬ ಊರಿನವರು. ಒಂದೇ ಪ್ರಶ್ನೆ: ಎಸೆನ್‌ಕುಲ್ ಬೈಕೆ ಅಪಾಯದಲ್ಲಿದ್ದರೇ?

ಬೈಕೆ ನನ್ನ ಮುಖ ನೋಡಿದರು. ಆಮೇಲೆ ನೆಲ ನೋಡಿ, ಬಾಳಿನಲ್ಲಿ ಯಾರೂ ಅವರಿಂದ ಕೇಳದ ಮಾತು ಹೇಳಿದರು. "ಇದ್ದೆ. ಕಾಲು ಸೆಟೆದುಕೊಳ್ತು. ನೀರು ಕುಡಿದೆ. ವಯಸ್ಸಾಯ್ತಲ್ಲ ನಂಗೆ. ಸೊಸೆ ಬರದೇ ಇದ್ದಿದ್ರೆ ಮುಳುಗಿಹೋಗ್ತಿದ್ದೆ."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಹಳೆಯ ಹುಲಿ ಸರೋವರದಲ್ಲಿ ಮುಳುಗುತ್ತಿತ್ತಂತೆ! ಅವರ ಕಿವಿ ಕೆಂಪಾಯಿತು, ಆದರೂ ತಲೆ ಎತ್ತಲಿಲ್ಲ. ಪಕ್ಕದ ಇಬ್ಬರೂ ನನ್ನ ಕಡೆ ತಲೆಯಾಡಿಸಿದರು. ಮಕ್ಸಾತ್ ಕೂಡ ಆಕ್ಷೇಪವಿಲ್ಲ ಎಂಬಂತೆ ಭುಜ ಕುಣಿಸಿದ. ಗೆದ್ದೆವು ಎಂದುಕೊಂಡೆ. ಶಾಸ್ತ್ರಕ್ಕೆ, ಬರೀ ಶಾಸ್ತ್ರಕ್ಕೆ, ಬುರುಲ್ ಕಡೆ ತಿರುಗಿ ಕೇಳಿದೆ: "ನೀನು ನೋಡಿದ್ದೂ ಇದೇ ತಾನೇ?"

"ಅಲ್ಲ," ಎಂದಳು.

ಬಾಗಿಲಾಚೆಯವರಿಗೂ ಕೇಳಿಸುವಂತೆ ಹೇಳಿದಳು. "ಅದು ಸುಳ್ಳು. ಆತಾ ಮುಳುಗ್ತಾ ಇರ್ಲಿಲ್ಲ. ಅಡಿಹಲಗೆ ಹಿಡ್ಕೊಂಡು ನನ್ನನ್ನ ಬೈತಾ ಇದ್ರು. ಮುಳುಗೋರಿಗೆ ಬೈಯೋಕೆ ಉಸಿರಿರಲ್ಲ. ಈ ಸರೋವರದಲ್ಲಿ ಅವರನ್ನ ಎತ್ತೋ ಅಂಥವರು ಇನ್ನೂ ಹುಟ್ಟಿಲ್ಲ."

"ಬುರುಲ್!" ಎಂದರು ಬೈಕೆ. "ಬಾಯಿ ಮುಚ್ಚು."

"ಮುಚ್ಚಲ್ಲ ಆತಾ. ನಾಳೆ ಊರೆಲ್ಲ ನಿಮ್ಮನ್ನ ನೋಡಿ, ಸೊಸೆ ನೀರಿಂದ ಎತ್ತಿದ ಮುದುಕ ಅಂತ ಬೆರಳು ತೋರಿಸೋದು ನಂಗೆ ಬೇಡ."

"ಹಾಗಾದ್ರೆ ಯಾಕೇ ತಿರುಗಿದೆ?" ಎಂದು ರೇಗಿದೆ. "ಅಪಾಯ ಇಲ್ಲ ಅಂತ ಗೊತ್ತಿದ್ರೆ ಯಾಕೆ ತಿರುಗಿದೆ?"

"ಹಿರಿಯರು ಬಿದ್ದಿರುವಾಗ ದಾಟಿ ಮುಂದೆ ಹೋಗೋದು ಹೇಗೆ ಎಜೆ?"

ಅದಕ್ಕೆ ನಿಯಮದ ಪುಸ್ತಕದಲ್ಲಿ ಉತ್ತರವಿಲ್ಲ. ಬೈಕೆ ಸೊಸೆಯನ್ನೇ ನೋಡುತ್ತಿದ್ದರು. ಕಂಬಳಿಯೊಳಗೆ ಅವರ ಮೈ ಚಳಿಗೋ ಸಿಟ್ಟಿಗೋ ಅದುರುತ್ತಿತ್ತು.

"ಇಷ್ಟು ದೊಡ್ಡ ಗಂಟಲು ಇದೆಯಲ್ಲೇ ನಿಂಗೆ," ಎಂದರು ಕೊನೆಗೆ. "ನೀರಿನ ಮೇಲೆ ಎಲ್ಲಿಟ್ಟಿದ್ದೆ ಇದನ್ನ?"

ಅವಳ ಕಣ್ಣು ತುಂಬಿತು. ತಲೆವಸ್ತ್ರ ಸರಿಮಾಡಿಕೊಂಡು, ಮತ್ತೆ ಅದೇ ಬಟ್ಟಲಿನ ಸದ್ದಿನ ದನಿಯಲ್ಲಿ, ಆತಾ ನಿಮಗೆ ನಡುಕ ಬಂದಿದೆ, ಚಹಾ ತರಲೇ ಎಂದು ಕೇಳಿದಳು.

ಸಮುದ್ರಕ್ಕೆ ಹೋಗುವವನು ಎಂದು ಮಕ್ಸಾತ್‌ನ ಹೆಸರನ್ನು ನಾನೇ ಎದ್ದು ನಿಂತು ಹೇಳಿದೆ, ಕೈಯನ್ನೂ ಕುಲುಕಿದೆ. ಜನ್ಮದಲ್ಲಿ ಅಷ್ಟು ಸಿಟ್ಟಿನಿಂದ ನಾನು ಯಾರಿಗೂ ಶುಭ ಹಾರೈಸಿಲ್ಲ.